ತಳ್ಳುವ ಕುರ್ಚಿಯಲ್ಲಿ ಉಮ್ಮನ ಉಮ್ರಾ

ನಾವು ಉಮ್ರಾಕ್ಕೆ ಹೊರಡುವ ಮುನ್ನ ಮನೆಯಲ್ಲಿ ಹದಿನೈದು ದಿನ ಚರ್ಚೆ ನಡೆಯಿತು. ಖರ್ಚಿನ ಬಗ್ಗೆಯಲ್ಲ, ರಜೆಯ ಬಗ್ಗೆಯಲ್ಲ, ಒಂದು ಕುರ್ಚಿಯ ಬಗ್ಗೆ. ನನ್ನ ಉಮ್ಮನಿಗೆ ಆಗ 74 ವರ್ಷ. 2021ರ ಮಳೆಗಾಲದಲ್ಲಿ ಬಚ್ಚಲಿನಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು, ಅಲ್‌ಹಮ್ದುಲಿಲ್ಲಾಹ್. ಆದರೆ ಅಂದಿನಿಂದ ವಾಕರ್ ಹಿಡಿದು ಕೋಣೆಯಿಂದ ಚಾವಡಿಯವರೆಗೆ ಬರುವುದಷ್ಟೇ ಅವರ ನಡಿಗೆ. ಪವಿತ್ರ ಕಅಬಾದ ಸುತ್ತ ಏಳು ಸುತ್ತು, ಆಮೇಲೆ ಸಫಾ ಮರ್ವಾ ನಡುವೆ ಏಳು ಸಲ ಓಡಾಟ. ಇದು ನಡೆದು ಆಗುವ ಕೆಲಸವಲ್ಲ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

ದುಬೈಯಲ್ಲಿರುವ ನನ್ನ ತಮ್ಮ ಬ್ಯಾಟರಿಯ ವೀಲ್‌ಚೇರ್ ತರುತ್ತೇನೆಂದ. ಬಲಗೈ ಹತ್ತಿರ ಒಂದು ಸಣ್ಣ ಕೋಲು, ಅದನ್ನು ಬಾಗಿಸಿದ ಕಡೆಗೆ ಕುರ್ಚಿ ಹೋಗುತ್ತದೆ, ಯಾರೂ ತಳ್ಳಬೇಕಾಗಿಲ್ಲ. ಅವನು ಕಳುಹಿಸಿದ ಚಿತ್ರವನ್ನು ಉಮ್ಮ ಬಹಳ ಹೊತ್ತು ನೋಡಿ, ಏನೂ ಹೇಳದೆ ಫೋನನ್ನು ಹಿಂದೆ ಕೊಟ್ಟರು. ಆ ಮೌನವನ್ನು ನಾನು ನನಗೆ ಬೇಕಾದ ಹಾಗೆ ಅರ್ಥಮಾಡಿಕೊಂಡೆ.

ಮಡಚುವ, ಕೈಯಿಂದ ತಳ್ಳುವ ಕುರ್ಚಿಯೇ ಸಾಕು ಎಂದು ಹಟ ಹಿಡಿದವಳು ನಾನು. ನನ್ನ ಬಳಿ ಕಾರಣಗಳಿದ್ದವು. ಬ್ಯಾಟರಿಯ ಕುರ್ಚಿ ಭಾರ, ಅದನ್ನು ಎತ್ತಿ ಕಾರಿನ ಡಿಕ್ಕಿಗೆ ಹಾಕಲು ಇಬ್ಬರು ಬೇಕು. ವಿಮಾನದಲ್ಲಿ ಅದರದ್ದೇ ಕಾನೂನುಗಳಿವೆ. ಮಡಚುವ ಕುರ್ಚಿಯ ಲಿಥಿಯಂ ಬ್ಯಾಟರಿ 300 ವ್ಯಾಟ್-ಅವರ್ ಮೀರಿರಬಾರದು, ಅದನ್ನು ಬಿಚ್ಚಿ ನಮ್ಮ ಜೊತೆ ಒಳಗೇ ಒಯ್ಯಬೇಕು, ವಿಮಾನ ಕಂಪೆನಿಯ ಒಪ್ಪಿಗೆಯನ್ನು ಮೊದಲೇ ಪಡೆದಿರಬೇಕು. ತಳ್ಳುವ ಕುರ್ಚಿಗೆ ಇದೊಂದೂ ಇಲ್ಲ. ವಿಮಾನದ ಬಾಗಿಲಿನವರೆಗೆ ಅದರಲ್ಲೇ ಹೋಗಿ, ಅಲ್ಲಿ ಮಡಚಿ ಕೊಟ್ಟರಾಯಿತು. ಪರದೇಶದಲ್ಲಿ ಕೆಟ್ಟುಹೋದರೆ ಸೈಕಲ್ ರಿಪೇರಿಯವನಾದರೂ ಸರಿಮಾಡಿಯಾನು.

ಇದೆಲ್ಲ ನಿಜವೇ. ಆದರೆ ಇವುಗಳ ಹಿಂದೆ ಇನ್ನೊಂದು ಕಾರಣವಿತ್ತು, ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಯಮನಿನ ಒಬ್ಬ ವ್ಯಕ್ತಿ ತನ್ನ ತಾಯಿಯನ್ನು ಬೆನ್ನ ಮೇಲೆ ಹೊತ್ತು ತವಾಫ್ ಮಾಡಿದ, ಆಕೆಯ ಋಣ ತೀರಿತೇ ಎಂದು ಹ. ಇಬ್ನು ಉಮರ್(ರ)ರಲ್ಲಿ ಕೇಳಿದ, ಹೆರಿಗೆಯ ಒಂದು ನರಳಾಟಕ್ಕೂ ಅದು ಸಮವಾಗದೆಂದು ಅವರು ಉತ್ತರಿಸಿದರು. ಇಮಾಮ್ ಬುಖಾರಿಯವರ ‘ಅಲ್ ಅದಬುಲ್ ಮುಫ್ರದ್’ನಲ್ಲಿರುವ ಈ ಘಟನೆಯನ್ನು ಮದ್ರಸದ ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತಾ ಬಂದಿದ್ದೇನೆ. ಉಮ್ಮನನ್ನು ನನ್ನ ಕೈಯಿಂದಲೇ ತಳ್ಳಿ ತವಾಫ್ ಮಾಡಿಸಬೇಕೆಂಬ ಆಸೆ ಅಲ್ಲಿಂದ ಬಂದದ್ದು. ಆಸೆ ಒಳ್ಳೆಯದೇ. ಆದರೆ ಅದು ನನ್ನ ಆಸೆ, ಉಮ್ಮನದ್ದಲ್ಲ.

2023ರ ಡಿಸೆಂಬರ್‌ನಲ್ಲಿ ತಮ್ಮ ರಜೆಯಲ್ಲಿ ಊರಿಗೆ ಬಂದು ನಮ್ಮಿಬ್ಬರನ್ನೂ ಕರೆದುಕೊಂಡು ಹೊರಟ.

ಮಕ್ಕಾ ಬೆಟ್ಟಗಳ ನಡುವಿನ ಊರು ಎಂದು ಪುಸ್ತಕದಲ್ಲಿ ಓದುವುದು ಬೇರೆ, ವೀಲ್‌ಚೇರ್ ತಳ್ಳುತ್ತಾ ತಿಳಿಯುವುದು ಬೇರೆ. ನಮ್ಮ ವಸತಿ ಇದ್ದ ಬೀದಿಯಿಂದ ಹರಮ್‌ಗೆ ಹೋಗುವಾಗ ಇಳಿಜಾರು, ಬರುವಾಗ ಏರು. ಇಳಿಯುವಾಗ ಕುರ್ಚಿಯನ್ನು ತಿರುಗಿಸಿ, ನಾವು ಹಿಮ್ಮುಖವಾಗಿ ಹೆಜ್ಜೆಯಿಡುತ್ತಾ, ಕುಳಿತವರ ಬೆನ್ನು ನಮ್ಮ ಕಡೆಗಿರುವಂತೆ ಇಳಿಸಬೇಕು. ಇಲ್ಲದಿದ್ದರೆ ಅವರು ಮುಂದಕ್ಕೆ ಜಾರುತ್ತಾರೆ. ಇದನ್ನು ನಮಗೆ ಕಲಿಸಿದ್ದು ಅಲ್ಲೇ ಬಾಡಿಗೆಗೆ ಕುರ್ಚಿ ತಳ್ಳುವ ಒಬ್ಬ ಹುಡುಗ. ಕೈಸನ್ನೆಯಲ್ಲೇ ಹೇಳಿಕೊಟ್ಟು ಹೋಗಿಬಿಟ್ಟ.

ಹರಮ್‌ನಲ್ಲಿ ಕುರ್ಚಿಯವರ ತವಾಫ್‌ನ ಜಾಗ ಕಾಲಕಾಲಕ್ಕೆ ಬದಲಾಗುತ್ತಾ ಬಂದಿದೆ. ಮತಾಫ್ ವಿಸ್ತರಣೆಯ ಕಾಲದಲ್ಲಿ, 2013ರಲ್ಲಿ, ಕಅಬಾದ ಸುತ್ತ ಬಳೆಯಂತೆ ಒಂದು ತಾತ್ಕಾಲಿಕ ಸೇತುವೆ ಕಟ್ಟಿದ್ದರು, 2016ರಲ್ಲಿ ಅದನ್ನು ತೆಗೆದರು. ನಾವು ಹೋದಾಗ ಕುರ್ಚಿಗಳನ್ನು ಮೇಲಿನ ಅಂತಸ್ತಿಗೆ ಕಳುಹಿಸುತ್ತಿದ್ದರು. ಮೇಲೆ ಹೋದಂತೆ ಸುತ್ತು ದೊಡ್ಡದಾಗುತ್ತದೆ. ಕೆಳಗೆ ಕಅಬಾದ ಹತ್ತಿರ ಕೆಲವೇ ನಿಮಿಷಗಳಲ್ಲಿ ಮುಗಿಯುವ ಸುತ್ತು ಅಲ್ಲಿ ಹಲವು ಪಟ್ಟು ಉದ್ದ. ಮೊದಲ ಸಲ ಕಅಬಾ ಕಂಡಾಗ ಉಮ್ಮ ಅತ್ತರು, ನಾವೂ ಅತ್ತೆವು. ಆ ಕ್ಷಣದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕಂಡವರಿಗೆ ಗೊತ್ತು, ಕಾಣದವರಿಗೆ ಅಲ್ಲಾಹನು ಆ ಭಾಗ್ಯ ಕರುಣಿಸಲಿ.

ಹಜರುಲ್ ಅಸ್ವದ್‌ನ ನೇರಕ್ಕೆ ಇರುವ ಹಸಿರು ದೀಪದ ಬಳಿ ನಿಯ್ಯತ್ ಮಾಡಿ ಹೊರಟೆವು. ತಳ್ಳುವವರಿಗೂ ಕುಳಿತವರಿಗೂ ಒಂದೇ ನಡಿಗೆಯಲ್ಲಿ ಇಬ್ಬರದ್ದೂ ತವಾಫ್ ಆಗುತ್ತದೆ, ನಿಯ್ಯತ್ ಮಾತ್ರ ಅವರವರದ್ದು. ಮೊದಲೆರಡು ಸುತ್ತು ನಾನು ತಳ್ಳಿದೆ, ಆಮೇಲೆ ತಮ್ಮ ಹಿಡಿಯಿಗಳನ್ನು ಕೈಗೆ ತೆಗೆದುಕೊಂಡ. ಅವನದ್ದು ಉದ್ದ ಕಾಲು, ಅವಸರದ ಸ್ವಭಾವ. ಜನರ ನಡುವೆ ಸಂದು ಕಂಡಲ್ಲಿ ಕುರ್ಚಿಯನ್ನು ನುಗ್ಗಿಸತೊಡಗಿದ. ಇಬ್ಬರೂ ಜೋರಾಗಿ ದುಆ ಹೇಳುತ್ತಿದ್ದೆವು. ನಾಲ್ಕನೆಯ ಸುತ್ತಿನಲ್ಲಿ ಕುರ್ಚಿಯ ಕಾಲಿಡುವ ಹಲಗೆ ಮುಂದೆ ನಡೆಯುತ್ತಿದ್ದ ಒಬ್ಬ ವೃದ್ಧೆಯ ಹಿಮ್ಮಡಿಗೆ ಬಡಿಯಿತು. ಆಕೆ ತಿರುಗಿ ನೋಡಿದರು. ಬೈಯಲಿಲ್ಲ. ನೋವನ್ನು ನುಂಗಿಕೊಂಡು, ಉಮ್ಮನ ತಲೆ ಸವರಿ ಮುಂದೆ ಹೋದರು.

ತವಾಫ್ ಮುಗಿಯಿತು. ಎರಡು ರಕಅತ್ ನಮಾಝನ್ನು ಉಮ್ಮ ಕುರ್ಚಿಯಲ್ಲೇ ನಿರ್ವಹಿಸಿದರು. ಝಮ್‌ಝಮ್‌ನ ಲೋಟ ಕೈಗೆ ಕೊಟ್ಟಾಗ ಅವರ ಮುಖ ನೋಡಿದೆ. ಸಂತೋಷವಿರಲಿಲ್ಲ.

“ಏನಾಯಿತು ಉಮ್ಮಾ?”

“ಆ ಹೆಂಗಸಿಗೆ ತಾಗುವ ಮೊದಲು ನಿಲ್ಲಿಸಿ ಎಂದು ಮೂರು ಸಲ ಹೇಳಿದೆ. ನಿಮ್ಮಿಬ್ಬರಿಗೂ ಕೇಳಲಿಲ್ಲ. ಮಖಾಮು ಇಬ್ರಾಹೀಮ್ ಕಾಣುವ ಕಡೆ ಸ್ವಲ್ಪ ನಿಲ್ಲಬೇಕೆಂದಿತ್ತು, ಅದೂ ಆಗಲಿಲ್ಲ. ನೀವು ನಿಮ್ಮ ತವಾಫ್ ಮಾಡಿದಿರಿ ಮಗಳೇ, ನಾನು ಸಾಮಾನಿನ ಹಾಗೆ ಸುತ್ತಿದೆ. ಆ ಬ್ಯಾಟರಿಯ ಕುರ್ಚಿ ಇದ್ದಿದ್ದರೆ ನಿಲ್ಲಬೇಕೆಂದಾಗ ನಿಲ್ಲುತ್ತಿದ್ದೆ.”

“ಹಾಗಾದರೆ ಮನೆಯಲ್ಲೇ ಯಾಕೆ ಹೇಳಲಿಲ್ಲ?”

“ನನ್ನನ್ನು ಯಾರು ಕೇಳಿದರು?”

ಹದಿನೈದು ದಿನದ ಚರ್ಚೆಯಲ್ಲಿ ತಮ್ಮನನ್ನು ಕೇಳಿದ್ದೆ, ಯಜಮಾನರನ್ನು ಕೇಳಿದ್ದೆ, ಟ್ರಾವೆಲ್ಸ್‌ನವರನ್ನೂ ಕೇಳಿದ್ದೆ. ಕುರ್ಚಿಯಲ್ಲಿ ಕೂರುವವರನ್ನು ಕೇಳಿರಲಿಲ್ಲ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ತಾಯಿಯ ಹಕ್ಕಿನ ಪಾಠ ಮಾಡುವವಳು ನಾನು!

ಆಗ ನನಗೆ ನೆನಪಾದದ್ದು ಹ. ಉಮ್ಮು ಸಲಮಾ(ರ)ರ ಪ್ರಸಂಗ. ಮಕ್ಕಾದಲ್ಲಿ ಅವರಿಗೆ ಅಸೌಖ್ಯವಾಗಿತ್ತು. ಜನರ ಹಿಂದಿನಿಂದ ವಾಹನವೇರಿ ತವಾಫ್ ಮಾಡುವಂತೆ ಪ್ರವಾದಿ(ಸ)ಯವರು ಅವರಿಗೆ ತಿಳಿಸಿದರು. ಪ್ರವಾದಿ(ಸ)ಯವರು ಕಅಬಾದ ಬಳಿ ನಮಾಝಿನಲ್ಲಿ ಸೂರಃ ಅತ್ತೂರ್ ಓದುತ್ತಿದ್ದಾಗ ಉಮ್ಮು ಸಲಮಾ(ರ) ತವಾಫ್ ಪೂರೈಸಿದರು. ವಿದಾಯ ಹಜ್ಜ್‌ನಲ್ಲಿ ಸ್ವತಃ ಪ್ರವಾದಿ(ಸ)ಯವರೇ ಒಂಟೆಯ ಮೇಲೆ ತವಾಫ್ ಮಾಡಿ, ತುದಿ ಬಾಗಿದ ಕೋಲಿನಿಂದ ಹಜರುಲ್ ಅಸ್ವದನ್ನು ಸ್ಪರ್ಶಿಸಿದ್ದು ಎಲ್ಲರಿಗೂ ತಿಳಿದ ವಿಷಯ. ಹಾಗಿರುವಾಗ ತಳ್ಳಿಸಿಕೊಂಡು ಹೋಗುವುದೇ ಹೆಚ್ಚಿನ ಪುಣ್ಯ, ಯಂತ್ರದಲ್ಲಿ ಹೋದರೆ ಏನೋ ಕಡಿಮೆ ಎಂದು ನಾನು ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ಫತ್ವಾಕ್ಕೆ ಆಧಾರವೇ ಇರಲಿಲ್ಲ. ಅಶಕ್ತರಿಗೆ ವಾಹನ ಯಾವುದಾದರೂ ಸರಿ.

ಸಈಗೆ ಮೊದಲು ಉಮ್ಮನನ್ನು ವಿದ್ಯುತ್ ಗಾಡಿಗಳು ಓಡುವ ಅಂತಸ್ತಿಗೆ ಕರೆದುಕೊಂಡು ಹೋದೆವು. ನೋಡಿ ನೀವೇ ತೀರ್ಮಾನಿಸಿ ಎಂದೆವು. ಅಲ್ಲಿ ಒಬ್ಬರು ಕೂರುವ ಗಾಡಿಗಳೂ ಇವೆ, ಇಬ್ಬರು ಕೂರುವವೂ ಇವೆ. ಬಾಡಿಗೆ ಕೊಟ್ಟು ತಾವೇ ಓಡಿಸಬೇಕು. ಬಿಳಿ ಗಡ್ಡದ ಒಬ್ಬ ಹಿರಿಯರು ಸ್ಕೂಟರ್ ಕಲಿಯುವ ಹುಡುಗನ ಹಾಗೆ ಬಿಗಿಯಾಗಿ ಹಿಡಿ ಹಿಡಿದು ಹೋದರು. ಒಬ್ಬಾಕೆ ಒಂಟಿಯಾಗಿ, ಮಡಿಲಲ್ಲಿ ಮುಸ್‌ಹಫ್ ಇಟ್ಟುಕೊಂಡು, ಯಾರ ಹಂಗೂ ಇಲ್ಲದೆ ನಿಧಾನವಾಗಿ ಹೋಗುತ್ತಿದ್ದರು. ಉಮ್ಮ ಆಕೆಯನ್ನೇ ನೋಡುತ್ತಿದ್ದರು.

“ಇಬ್ಬರ ಗಾಡಿಯಲ್ಲಿ ನೀನೂ ಕೂರಬಹುದಲ್ಲ?” ಎಂದು ಕೇಳಿದರು. ನನಗೆ ಕಾಲು ಗಟ್ಟಿಯಿದೆ. ನಡೆಯಬಲ್ಲವರು ನಡೆಯುವುದು ನಮ್ಮ ಶಾಫಿಈ ಮದ್‌ಹಬಿನಲ್ಲಿ ಸುನ್ನತ್, ಹನಫಿ ಮದ್‌ಹಬಿನಲ್ಲಿ ವಾಜಿಬ್. ಅದನ್ನು ಹೇಳಿದೆ. “ಹಾಗಾದರೆ ನೀನು ಬೇಡ” ಎಂದರು. ನಿಂತಿದ್ದ ಒಂದು ಗಾಡಿಯ ಹಿಡಿಯನ್ನು ಮುಟ್ಟಿ ನೋಡಿದರು. ಅವರ ಬಲಗೈ ಸ್ವಲ್ಪ ನಡುಗುತ್ತದೆ. ಆದರೆ ಅವರು ಬೇಡವೆಂದದ್ದು ಅದಕ್ಕಲ್ಲ. “ಇದರಲ್ಲಿ ಕೂತರೆ ಕಣ್ಣು ದಾರಿಯ ಮೇಲೇ ಇರಬೇಕು. ನನಗೆ ಕಣ್ಣು ಮುಚ್ಚಿ ದುಆ ಮಾಡಬೇಕು. ತಳ್ಳುವ ಕುರ್ಚಿಯೇ ಇರಲಿ. ಆದರೆ ನಾನು ಹೇಳಿದ ಹಾಗೆ.”

ಹೇಳಿದ್ದು ಇಷ್ಟು: ತಳ್ಳುವುದು ಮಗಳು, ಮಗ ಮುಂದೆ ನಡೆದು ದಾರಿ ಬಿಡಿಸಲಿ. ಜೋರಾಗಿ ದುಆ ಹೇಳುವುದು ಬೇಡ, ಅವರ ಮಾತು ಕೇಳಿಸುವಷ್ಟು ಮೆಲ್ಲಗೆ ಹೇಳಬೇಕು. ಕುರ್ಚಿಯ ಕೈಯ ಮೇಲೆ ಉಂಗುರದ ಬೆರಳಿನಿಂದ ಒಮ್ಮೆ ಬಡಿದರೆ ನಿಲ್ಲಬೇಕು, ಎರಡು ಸಲ ಬಡಿದರೆ ಹೊರಡಬೇಕು.

ಸಫಾದಿಂದ ಮರ್ವಾಕ್ಕೆ ಸುಮಾರು 400 ಮೀಟರ್. ಏಳು ಸಲಕ್ಕೆ ಮೂರು ಕಿಲೋಮೀಟರಿನ ಆಸುಪಾಸು. 2008ರ ಸುಮಾರಿಗೆ ನಡೆದ ವಿಸ್ತರಣೆಯಲ್ಲಿ 20 ಮೀಟರ್ ಇದ್ದ ಅಗಲ 40 ಮೀಟರ್ ಆಗಿದೆ. ಕೆಳ ಅಂತಸ್ತಿನ ಮಧ್ಯದಲ್ಲಿ ತಗ್ಗು ಗೋಡೆಯ ನಡುವೆ ಕುರ್ಚಿಗಳಿಗೆಂದೇ ದಾರಿಯಿದೆ, ಹೋಗಲು ಒಂದು, ಬರಲು ಒಂದು. ಹಿಂದಿನಿಂದ ಬಾಡಿಗೆಯ ಹುಡುಗರು “ತರೀಖ್, ತರೀಖ್” ಎಂದು ಕೂಗುತ್ತಾ ಓಡಿಬರುತ್ತಾರೆ. ಅವರಿಗೆ ದಿನದಲ್ಲಿ ಎಷ್ಟು ಸಲ ಮುಗಿಸುತ್ತಾರೋ ಅಷ್ಟು ಸಂಪಾದನೆ. ಅವರನ್ನು ಬಿಟ್ಟುಕೊಡುತ್ತಾ ಗೋಡೆಯ ಬದಿ ಹಿಡಿದು ನಡೆದೆವು.

ಹಸಿರು ದೀಪಗಳ ನಡುವಿನ ಜಾಗ ಬಂದಾಗ ಗಂಡಸರು ಓಡುತ್ತಾರೆ. ಹ. ಹಾಜಿರಾ(ಅ) ಓಡಿದ ಕಣಿವೆ ಅದು. ಆ ತಗ್ಗಿಗೆ ಇಳಿದಾಗ ಮಗು ಇಸ್ಮಾಈಲ್ ಕಣ್ಣಿಗೆ ಕಾಣದಾಗುತ್ತಿತ್ತು, ಅದಕ್ಕೇ ತಾಯಿ ಓಡಿದರು ಎಂದು ನಮ್ಮ ಉಸ್ತಾದರು ಹೇಳುತ್ತಿದ್ದರು. ಓಡಿದ್ದು ಹೆಣ್ಣು. ಅವರ ನೆನಪಿನಲ್ಲಿ ಇಂದು ಓಡುವುದು ಗಂಡಸರು, ಹೆಂಗಸರಿಗೆ ಓಟದ ಕಷ್ಟವಿಲ್ಲ. ಅಲ್ಲಿಗೆ ಬಂದಾಗ ಉಮ್ಮನ ಉಂಗುರ ಒಮ್ಮೆ ಬಡಿಯಿತು. ಗೋಡೆಗೆ ಒತ್ತಿ ನಿಲ್ಲಿಸಿ ಬ್ರೇಕ್ ಹಾಕಿದೆ. ಕಣ್ಣು ಮುಚ್ಚಿ, ಕೈಯೆತ್ತಿ, ಬಹಳ ಹೊತ್ತು ದುಆ ಮಾಡಿದರು. ಎರಡು ಸಲ ಬಡಿದರು, ಹೊರಟೆವು. ಮರ್ವಾದಿಂದ ಹಿಂದೆ ಬರುವಾಗ ಮತ್ತೆ ಅದೇ ಜಾಗದಲ್ಲಿ, ಮತ್ತೆ ಒಂದು ಬಡಿತ. ಹೀಗೆ ಆರು ಸಲ. ಏಳನೆಯ ಸಲ ನಿಲ್ಲಿಸಲಿಲ್ಲ.

ರಾತ್ರಿ ಕೋಣೆಯಲ್ಲಿ ಕಾಲಿಗೆ ಎಣ್ಣೆ ಹಚ್ಚುವಾಗ ಕೇಳಿದೆ. “ಒಂದೊಂದು ಸಲ ಒಬ್ಬೊಬ್ಬ ಮಗುವಿಗೆ” ಎಂದರು. ನಾವು ಮಕ್ಕಳು ಐವರು. ನನಗಿಂತ ಮೊದಲು ಹುಟ್ಟಿ, ನಾಲ್ಕು ದಿನ ಮಾತ್ರ ಬದುಕಿದ್ದ ಒಂದು ಗಂಡುಮಗುವಿತ್ತೆಂದು ಅಜ್ಜಿ ಎಂದೋ ಹೇಳಿದ್ದರು. ಉಮ್ಮನ ಬಾಯಿಂದ ಅದನ್ನು ಎಂದೂ ಕೇಳಿರಲಿಲ್ಲ. ಆ ರಾತ್ರಿಯೂ ಅವರು ಅಷ್ಟೇ ಹೇಳಿ ಮಗ್ಗುಲಾದರು.

ಮದೀನದ ಮಸ್ಜಿದುನ್ನಬವಿಯ ಸುತ್ತ ಸಮತಟ್ಟು ನೆಲ, ತಂಪು ಅಮೃತಶಿಲೆ. ಅಂಗಳದಲ್ಲಿ ಹಗಲು ಅರಳುವ 250 ಕೊಡೆಗಳು. ಅಲ್ಲಿ ಕುರ್ಚಿ ತಾನಾಗಿ ಉರುಳುತ್ತದೆ. ಆದರೆ ಹೆಂಗಸರ ಭಾಗಕ್ಕೆ ತಮ್ಮ ಬರುವಂತಿಲ್ಲ. ರೌಝಾಕ್ಕೆ ನುಸುಕ್ ಆಪ್‌ನಲ್ಲಿ ಅನುಮತಿ ಪಡೆದು ಹೋಗಬೇಕು, ಹೆಂಗಸರ ಸಮಯವೂ ಬೇರೆ. ಗಂಡನೋ ಮಗನೋ ತಳ್ಳುತ್ತಾರೆಂದು ನಂಬಿ ಬರುವ ಸಹೋದರಿಯರು ಅಲ್ಲಿ ಬಾಗಿಲಲ್ಲೇ ಗಾಬರಿಯಾಗುವುದನ್ನು ಕಂಡೆ. ಹೊರಡುವ ಮೊದಲೇ ಮನೆಯಂಗಳದಲ್ಲಿ ತಳ್ಳಿ ಅಭ್ಯಾಸ ಮಾಡಿರಬೇಕು: ಹೊಸ್ತಿಲು ದಾಟಿಸುವುದು, ಲಿಫ್ಟಿನೊಳಗೆ ಹಿಮ್ಮುಖವಾಗಿ ಎಳೆದುಕೊಳ್ಳುವುದು, ಏಳುವಾಗ ಕೂರುವಾಗ ಎರಡೂ ಬ್ರೇಕ್ ಹಾಕುವುದು. ನನ್ನ ಅಬಾಯದ ಅಂಚು ಎರಡು ಸಲ ಗಾಲಿಗೆ ಸಿಕ್ಕಿ ಹರಿಯಿತು, ಆದ್ದರಿಂದ ಅಂಚನ್ನು ಒಂದು ಗೇಣು ಮೇಲಕ್ಕೆ ಮಡಚಿ ಹೊಲಿದಿರಲಿ. ಕುರ್ಚಿಗೆ ಬಣ್ಣದ ಬಟ್ಟೆಯ ತುಂಡೊಂದನ್ನು ಕಟ್ಟಿ, ಬಾಗಿಲಲ್ಲಿ ಒಂದೇ ತರಹದ ನೂರು ಕುರ್ಚಿಗಳಿರುತ್ತವೆ.

ತಳ್ಳುವವರು ಯಾರೂ ಇಲ್ಲದವರಿಗೆ, ಅಥವಾ ಇದ್ದರೂ ಯಾರ ಕೈಯನ್ನೂ ಕಾಯಲು ಇಷ್ಟವಿಲ್ಲದವರಿಗೆ ಬ್ಯಾಟರಿಯ ಕುರ್ಚಿಯೇ ಸರಿ. ಮಡಿಲಲ್ಲಿ ಮುಸ್‌ಹಫ್ ಇಟ್ಟುಕೊಂಡು ಹೋದ ಆ ಸಹೋದರಿಯನ್ನು ನೆನೆದಾಗಲೆಲ್ಲ ಹಾಗೆನಿಸುತ್ತದೆ.

ಊರಿಗೆ ಬಂದ ಮೇಲೆ ಚಾವಡಿಯ ಎರಡು ಮೆಟ್ಟಿಲಿನ ಪಕ್ಕದಲ್ಲಿ ಸಿಮೆಂಟಿನ ಇಳಿಜಾರು ಮಾಡಿಸಿದೆವು. ಎಷ್ಟು ಅಗಲ ಬೇಕೆಂದು ಉಮ್ಮನೇ ಮೇಸ್ತ್ರಿಗೆ ಹೇಳಿದರು. ಈಗ ಅಸರ್ ಆದ ಮೇಲೆ ಗೇಟಿನವರೆಗೆ ಹೋಗಿ ಬೀದಿ ನೋಡುತ್ತಾರೆ. ಮೊನ್ನೆ ತಮ್ಮ ಫೋನಿನಲ್ಲಿ ಮತ್ತೆ ಬ್ಯಾಟರಿಯ ಕುರ್ಚಿಯ ಮಾತೆತ್ತಿದ, ಹೊಸ ಮಾದರಿ ಬಂದಿದೆಯಂತೆ, ಭಾರವೂ ಕಡಿಮೆಯಂತೆ. ನಾನು ಏನೂ ಹೇಳದೆ ಫೋನನ್ನು ಉಮ್ಮನ ಕೈಗೆ ಕೊಟ್ಟು, ಚಹಾ ಇಡಲು ಒಳಗೆ ಹೋದೆ.