ರಜೆಯೋ, ಸೂಟಿಯೋ

ಜೂನ್ ಮೊದಲ ವಾರದ ಸರಕಾರಿ ಶಾಲೆ ಹೇಗಿರುತ್ತದೆಂದು ನಿಮಗೂ ಗೊತ್ತು. ಗೇಟಿಗೆ ಮಾವಿನ ತೋರಣ, ಮಕ್ಕಳ ಕೈಗೆ ಹೂವು, ಬಿಸಿಯೂಟದ ಜತೆ ಪಾಯಸ. ಪ್ರಾರಂಭೋತ್ಸವದ ಗದ್ದಲ ಮುಗಿಯುತ್ತಿದ್ದಂತೆ ಸೇತುಬಂಧ ಶುರು. ಕಳೆದ ವರ್ಷ ಕಲಿತದ್ದರಲ್ಲಿ ಎಷ್ಟು ಉಳಿದಿದೆ ಎಂದು ನೋಡಿ, ಬಿಟ್ಟುಹೋದದ್ದನ್ನು ತುಂಬಿಸುವ ಕೆಲಸ. ಅದರ ನಡುವೆ ಮೂರು ದಿನ, ದಿನಕ್ಕೆ ಎರಡು ಪೀರಿಯಡ್ ನಮ್ಮ ಪಾಲಿಗೆ ಬಂದಿತ್ತು. ದಕ್ಷಿಣ ಕನ್ನಡದ ಒಂದು ಹಳ್ಳಿ ಶಾಲೆ. ಆರು, ಏಳನೇ ತರಗತಿ ಸೇರಿ 31 ಮಕ್ಕಳು, ನಾವು ಮೂವರು. "ಪತ್ರಿಕೋದ್ಯಮ ಓದಿದವರಲ್ವಾ, ಏನಾದ್ರೂ ಬರೆಸಿ ನೋಡುವ" ಎಂದಿದ್ದರು ಹೆಡ್ ಟೀಚರ್.

ಮೊದಲ ದಿನ ನಾವು ಮಾಡಿದ್ದು ಎಲ್ಲರೂ ಮಾಡುವುದನ್ನೇ. 'ಬೇಸಿಗೆ ರಜೆಯಲ್ಲಿ ನಾನು ಏನು ಮಾಡಿದೆ' ಎಂದು ಬೋರ್ಡಿನಲ್ಲಿ ಬರೆದೆವು. ಅರ್ಧ ಗಂಟೆಯಲ್ಲಿ 31 ಹಾಳೆ ಬಂತು. ಬಹುತೇಕ ಎಲ್ಲದರಲ್ಲೂ ಅಜ್ಜಿಮನೆ, ಮೈಸೂರು ಮೃಗಾಲಯ, ಕೊನೆಗೆ 'ನನಗೆ ತುಂಬಾ ಸಂತೋಷವಾಯಿತು'. ಅಜ್ಜಿ ತೀರಿಹೋಗಿ ಎರಡು ವರ್ಷವಾದ ಹುಡುಗಿಯೂ ಅಜ್ಜಿಮನೆಗೆ ಹೋಗಿ ಬಂದಿದ್ದಳು! ಪ್ರಬಂಧ ಎಂದರೆ ಹೀಗಿರಬೇಕು ಎಂದು ಅವರಿಗೆ ಯಾರೋ ಕಲಿಸಿಬಿಟ್ಟಿದ್ದಾರೆ. ನಾವೂ ಆ ವಯಸ್ಸಿನಲ್ಲಿ ಅದನ್ನೇ ಬರೆದವರು.

ಎರಡನೇ ದಿನ ಪ್ರಶ್ನೆ ಬದಲಿಸಿದೆವು. ರಜೆಯಲ್ಲಿ ನಿಮ್ಮ ಕೈ ಏನೇನು ಮುಟ್ಟಿತು? ಹತ್ತು ವಸ್ತುಗಳ ಪಟ್ಟಿ ಮಾಡಿ, ಅದರಲ್ಲಿ ಒಂದರ ಬಗ್ಗೆ ಬರೆಯಿರಿ. 'ಸಂತೋಷವಾಯಿತು' ಎಂಬ ಪದ ಮಾತ್ರ ಬೇಡ. ಆಗ ನೋಡಿ ಹಾಳೆಗಳ ಬಣ್ಣವೇ ಬೇರೆ. ಗೇರುಬೀಜದ ಸೊನೆ ತಾಗಿ ಸುಲಿದ ಬೆರಳು, ಹಲಸಿನ ಮೇಣ ಬಿಡಿಸಲು ಹಚ್ಚಿದ ತೆಂಗಿನೆಣ್ಣೆ, ಅಮ್ಮನ ಜತೆ ಕೂತು ಕತ್ತರಿಸಿದ ಬೀಡಿ ಎಲೆ, ಅಣ್ಣನ ಮೊಬೈಲು. ಒಬ್ಬಳು ಹಟ್ಟಿಯಲ್ಲಿ ಆಗಷ್ಟೇ ಹುಟ್ಟಿದ ಕರುವಿನ ಒದ್ದೆ ಕಿವಿಯ ಬಗ್ಗೆ ಒಂದು ಪುಟ ಬರೆದಿದ್ದಳು.

ಹಿಂದಿನ ಬೆಂಚಿನ ಹುಡುಗನೊಬ್ಬ 'ಸೂಟ್ಯಾಗ ನಾನು ಊರಿಗಿ ಹೋಗಲಿಲ್ಲ' ಎಂದು ಶುರು ಮಾಡಿದ್ದ. ಬಾಗಲಕೋಟೆ ಕಡೆಯವನು, ಅಪ್ಪ ಅವ್ವ ಕೆಂಪುಕಲ್ಲಿನ ಕೋರೆಯಲ್ಲಿ ಕೆಲಸಕ್ಕೆ. ಅವನ ಕೈ ಮುಟ್ಟಿದ್ದು ಕಲ್ಲಿನ ಹುಡಿ, ನೀರಿನ ಕೊಡ, ಜ್ವರ ಬಂದ ತಂಗಿಯ ಹಣೆ. ಶೀಟಿನ ಮನೆ ಮಧ್ಯಾಹ್ನ ಕಾಯುವುದು, ತಂಗಿಯನ್ನು ಮರದ ಕೆಳಗೆ ಮಲಗಿಸಿ ಗೋಣಿಚೀಲದಿಂದ ಗಾಳಿ ಹಾಕುವುದು, ಮುಂಗಡ ತೀರಿಲ್ಲವೆಂದು ಮೇಸ್ತ್ರಿ ಊರಿಗೆ ಬಿಡದ್ದು, ಎಲ್ಲ ಇತ್ತು. ಓದಿಸಿದಾಗ 'ಸೂಟಿ' ಎಂಬಲ್ಲಿಗೇ ತರಗತಿ ನಕ್ಕಿತು. ಅದು ರಜೆಗೆ ಆ ಕಡೆಯ ಪದ ಎಂದು ನಾವು ಹೇಳಿದೆವು. ಸುಮ್ಮನಿರಲಿಲ್ಲ, ಅವನ ಹಾಳೆಯನ್ನೇ ಗೋಡೆ ಪತ್ರಿಕೆಯ ನಟ್ಟ ನಡುವೆ ಅಂಟಿಸಿದೆವು. ಫ್ರಾನ್ಸಿನ ಹಳ್ಳಿ ಮೇಷ್ಟ್ರು ಸೆಲೆಸ್ಟಾಂ ಫ್ರೆನೆ 1920ರ ದಶಕದಲ್ಲಿ ತರಗತಿಗೆ ಪುಟ್ಟ ಅಚ್ಚಿನ ಯಂತ್ರ ತಂದು, ಮಕ್ಕಳು ಬರೆದದ್ದನ್ನು ಮಕ್ಕಳಿಂದಲೇ ಮುದ್ರಿಸಿದ್ದರು. ಆ ಕತೆ ಓದಿದ ಹುಮ್ಮಸ್ಸು ನಮಗೆ.

ಮರುದಿನ ಆ ಜಾಗದಲ್ಲಿ ಗಮ್ಟೇಪಿನ ನಾಲ್ಕು ತುಂಡು ಮಾತ್ರ ಇತ್ತು.

"ನಾನೇ ಹರದೀನ್ರಿ ಅಕ್ಕಾ. ಎಲ್ಲಾರೂ ಓದ್ತಾರ್ರಿ" ಎಂದ. ಆ ಮೇಸ್ತ್ರಿಯ ಮಗಳು ಅದೇ ತರಗತಿಯಲ್ಲಿ, ಎರಡು ಬೆಂಚು ಮುಂದೆ ಕೂರುತ್ತಾಳೆ ಎಂಬುದು ನಮಗೆ ಗೊತ್ತಾದದ್ದು ಆಗ. ವರದಿ ಬರೆಯುವಾಗ ಮಾತಾಡಿದವರ ಒಪ್ಪಿಗೆ ಕೇಳಬೇಕು, ಹೆಸರು ಹಾಕಿದರೆ ತೊಂದರೆಯೇ ಎಂದು ಯೋಚಿಸಬೇಕು ಎಂದು ಎರಡು ವರ್ಷ ಕ್ಲಾಸಿನಲ್ಲಿ ಕೂತು ಕಲಿತವರು ನಾವು. ಹನ್ನೆರಡು ವರ್ಷದ ಹುಡುಗನನ್ನು ಕೇಳಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ. ಅವನಲ್ಲಿ ಕ್ಷಮೆ ಕೇಳಿದೆವು. ಅವನಿಗೆ ಅದು ಇನ್ನಷ್ಟು ಮುಜುಗರವಾಯಿತೋ ಏನೋ, ತಲೆ ತಗ್ಗಿಸಿ ಚೀಲದ ಜಿಪ್ ಎಳೆಯುತ್ತಿದ್ದ.

ಕೊನೆಯ ದಿನಕ್ಕೆ ಹಾಕಿಕೊಂಡಿದ್ದ ಸರಪಳಿ ಕತೆಯ ಆಟ ಕೈಬಿಟ್ಟೆವು. ಪ್ರತಿಯೊಬ್ಬರಿಗೂ ಎರಡೆರಡು ಹಾಳೆ. ಒಂದು ಗೋಡೆಗೆ, ಇನ್ನೊಂದು ಬರೆದು ಮಡಚಿ ಮನೆಗೆ. ಮಡಚಿದ್ದನ್ನು ನಾವೂ ನೋಡುವುದಿಲ್ಲ, ಟೀಚರೂ ಕೇಳುವುದಿಲ್ಲ. ಹೆಡ್ ಟೀಚರ್‌ಗೆ ಇದು ಅಷ್ಟು ಹಿಡಿಸಲಿಲ್ಲ. "ತಪ್ಪು ತಿದ್ದುವುದು ಹೇಗೆ ಮತ್ತೆ?" ಎಂದರು. ಅವರ ಪ್ರಶ್ನೆ ಸರಿಯೇ. ಗೋಡೆಯ ಹಾಳೆ ತಿದ್ದಿ ಟೀಚರ್ ಎಂದೆವು.

ಗೋಡೆಗೆ ಆ ದಿನ ಬಂದದ್ದು ಮನೆಮಾತಿನ ಪದಗಳ ಪಟ್ಟಿ. ಮಳೆಗೆ ತುಳುವಿನ 'ಬರ್ಸ', ಕೊಂಕಣಿಯ 'ಪಾವ್ಸು', ಹಿಂದಿನ ಬೆಂಚಿನಿಂದ 'ಮಳಿ'. ಸೂಟಿಯನ್ನು ಬರೆದವಳು ಕರುವಿನ ಹುಡುಗಿ. ಈ ಸಲ ಯಾರೂ ನಗಲಿಲ್ಲ.

ಹೊರಗೆ ಮಳೆ ಹಿಡಿದಿತ್ತು, ಲಾಂಗ್ ಬೆಲ್ ಆಗುವುದರಲ್ಲಿತ್ತು. ಅವನು ಮೇಜಿನ ಹತ್ತಿರ ಬಂದು ನಿಂತ.

"ಮಡಚೂದು ಇನ್ನೊಂದ್ ಹಾಳಿ ಕೊಡ್ತೀರೇನ್ರಿ?"