ಗ್ಯಾಸ್ಕೆಟ್ ಹಾರಿದ ದಿನ

ಓದುಗ ಮಿತ್ರರೆ, ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ಜಗಳ ಮಾಡಿ ಬಂದ ಮೇಲೆ ನೀವು ಏನಂತ ಹೇಳುತ್ತೀರಿ? "ತಲಿ ಕೆಟ್ಟಿತ್ತು", "ಗರಂ ಆಗಿದ್ದೆ", "ರಾಂಗ್ ಆದೆ", "ರೈಸ್ ಆದೆ"... ಹೌದಲ್ಲೋ? ನಮ್ಮ ಲಕ್ಷ್ಮೇಶ್ವರವೇ ಹಳೆಯ ಪುಲಿಗೆರೆ. ಸಾವಿರ ವರ್ಷದ ಹಿಂದೆ ಪಂಪ ಮಹಾಕವಿ ಮೆಚ್ಚಿ ಕಾವ್ಯ ಬರೆದದ್ದು ಈ ಪುಲಿಗೆರೆಯ ತಿರುಳುಗನ್ನಡದಲ್ಲಿ. ಅಂಥ ನೆಲದಲ್ಲಿ ನಿಂತು ನಾವು "ರಾಂಗ್ ಆದೆ" ಅಂತೀವಿ! ಇರಲಿ ಬಿಡಿ.

ಇದು 1984ರ ಮಾತು. ಆಗ ಗದಗ ಇನ್ನೂ ಧಾರವಾಡ ಜಿಲ್ಲೆಯೊಳಗಿತ್ತು, ಬೇರೆ ಜಿಲ್ಲೆಯಾದದ್ದು 1997ರಲ್ಲಿ. ನನಗೆ ಹತ್ತೊಂಬತ್ತು. ಬೆಟಗೇರಿಯ ಒಂದು ಗ್ಯಾರೇಜಿನಲ್ಲಿ ಹೆಲ್ಪರ್. ಹಗಲೆಲ್ಲ ಗ್ರೀಸು, ರಾತ್ರಿ ಸಿನಿಮಾ. ನನ್ನ ದೇವರು ರಾಮಾಚಾರಿ! ಹಿಂದಿಯವರು ಅಮಿತಾಭನನ್ನು ಸಿಟ್ಟಿನ ಹೀರೋ ಅಂತ ಮೆರೆಸಿದ್ದು 1973ರ 'ಜಂಜೀರ್' ಮೇಲೆ. ನಮ್ಮ ಪುಟ್ಟಣ್ಣ 1972ರಲ್ಲೇ 'ನಾಗರಹಾವು' ತೆಗೆದು ವಿಷ್ಣುವರ್ಧನ್‌ನನ್ನು ಚಿತ್ರದುರ್ಗದ ಕೋಟೆ ಮೇಲೆ ನಿಲ್ಲಿಸಿದ್ದರು. ಅವನಂತೆ ಕಣ್ಣು ಕೆಂಪಗೆ ಮಾಡುವುದನ್ನು ನಾನು ಕನ್ನಡಿ ಮುಂದೆ ಕಲಿತಿದ್ದೆ.

ಕಾಲೇಜಿಗೆ ಹೋಗುತ್ತಿದ್ದ ಗೆಳೆಯನೊಬ್ಬ ಇಂಗ್ಲಿಷ್ ಪಿಕ್ಚರ್ ನೋಡಿ ಬಂದು ಸಿಟ್ಟಿನ ಮಾತು ಕಲಿಸುತ್ತಿದ್ದ. "ಫ್ಲೈ ಆಫ್ ದಿ ಹ್ಯಾಂಡಲ್" ಅಂದರೆ, ಬೀಸಿದ ಕೊಡಲಿ ಕಾವಿನಿಂದ ಕಳಚಿ ಹಾರಿದ ಹಾಗೆ. "ರನ್ ಅಮಾಕ್" ಅಂತ ಒಂದು, ಅದು ಮಲಯ ಭಾಷೆಯಿಂದ ಇಂಗ್ಲಿಷಿಗೆ ಬಂದದ್ದಂತೆ. ನನಗೆ ಖುಷಿಯಾದದ್ದು "ಬ್ಲೋ ಎ ಗ್ಯಾಸ್ಕೆಟ್". ಅಬ್ಬಾ, ಇಂಗ್ಲಿಷಿನವರ ಸಿಟ್ಟಿನಾಗೂ ನಮ್ಮ ಗ್ಯಾರೇಜು!

ಮಿಸ್ತ್ರಿಗಳಿಗೆ ಹೇಳಿದೆ. ಅವರು ಬೀಡಿ ಹಚ್ಚಿ ನಕ್ಕರು. "ಲೇ ತಮ್ಮಾ, ಗ್ಯಾಸ್ಕೆಟ್ ಒಮ್ಮಿಂದೊಮ್ಮೆ ಹೋಗೂದಿಲ್ಲ. ಮೊದಲ ರೇಡಿಯೇಟರ್‌ನ್ಯಾಗ ನೀರ ಕಡಿಮಿ ಆಗ್ತೈತಿ. ಮುಳ್ಳು ಮ್ಯಾಲ ಏರ್ತೈತಿ. ಡ್ರೈವರ್ ನೋಡಿರೂದಿಲ್ಲ. ಇಂಜಿನ್ ಕಾದು ಹೆಡ್ ಸೊಟ್ಟ ಆಗಿ, ನೀರು ಸಿಲಿಂಡರಿಗೆ ನುಗ್ಗಿ, ಬಿಳೇ ಹೊಗಿ ಬಂದಾಗ 'ಗ್ಯಾಸ್ಕೆಟ್ ಹಾರ್ತು' ಅಂತಾನ."

ಒಂದು ಶುಕ್ರವಾರ ಮುಂಡರಗಿಯ ಉಳ್ಳಾಗಡ್ಡಿ ಲಾರಿ ಬಂತು. ಅದೂ ಗ್ಯಾಸ್ಕೆಟ್ ಕೇಸೇ. ನನಗೆ ಹೊಸ ಪಿಕ್ಚರಿನ ಮೊದಲ ಆಟದ ಅವಸರ. ಹೆಡ್ಡಿನ ಬೋಲ್ಟುಗಳನ್ನು ನಡುವಿನಿಂದ ಹೊರಗೆ ಸರದಿಯಂತೆ ಬಿಗಿಯಬೇಕು, ನಾನು ಕೈಗೆ ಸಿಕ್ಕದ್ದನ್ನು ಬಿಗಿದೆ. ಮಿಸ್ತ್ರಿಗಳು ಎಲ್ಲರ ಮುಂದೆ, "ಬಿಚ್ಚು, ಮತ್ತ ಮಾಡು. ಸಿನಿಮಾ ನಾಳೆನೂ ಇರ್ತೈತಿ" ಅಂದರು. ಕ್ಲೀನರ್ ಹುಡುಗ ಕಿಸಕ್ಕನೆ ನಕ್ಕ. ನಕ್ಕವನು ಅವನು, ಕೈಯಲ್ಲಿದ್ದ ಪಾನಾ ಎಸೆದದ್ದು ಮಿಸ್ತ್ರಿಗಳ ಕಡೆಗೆ. ಹುಬ್ಬಿನ ಮೇಲೆ ಬಡಿಯಿತು. ಇನ್ನೊಂದು ಬೆರಳು ಕೆಳಗಾಗಿದ್ದರೆ ಕಣ್ಣು!

ರಕ್ತ ನೋಡಿ ಓಡಿದೆ. ಬಸ್ ಸ್ಟ್ಯಾಂಡಿನಲ್ಲಿ ಶಿರಹಟ್ಟಿ ಬಸ್ಸು ನಿಂತಿತ್ತು, ಹತ್ತಿಬಿಟ್ಟೆ. ಅಲ್ಲಿ ನಮ್ಮ ಅಕ್ಕನ ಮನೆ.

"ಯಾಕೋ ಮಾರಿ ಹಿಂಗಾಗೈತಿ?"

"ಸಿಟ್ಟು ಬಂತಕ್ಕಾ. ಪಾನಾ ಕೈ ಬಿಟ್ಟು ಹೋತು."

"ಸಿಟ್ಟು ತಾನ ಬಂತು, ಪಾನಾ ತಾನ ಹೋತು. ಮತ್ತ ನೀ ಏನ ಮಾಡ್ತಿದ್ದಿ ಅಲ್ಲಿ?"

ಅಕ್ಕ ರೊಟ್ಟಿ ಬಡಿಯುತ್ತ ಅಷ್ಟೇ ಅಂದಳು. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ನೋಡಿ, ಕೊಡಲಿ ತಾನೇ ಹಾರಿತು, ಗ್ಯಾಸ್ಕೆಟ್ ತಾನೇ ಹೋಯಿತು, ತಲೆ ತಾನೇ ಕೆಟ್ಟಿತು. ಇಂಗ್ಲಿಷಿರಲಿ ಕನ್ನಡವಿರಲಿ, ಸಿಟ್ಟಿನ ಮಾತುಗಳಲ್ಲಿ ನಾವು ಎಷ್ಟು ಜಾಣರು! "ಸಿಟ್ಟಿಗೆದ್ದೆ" ಅಂತ ಒಂದು ಮಾತು ನಮ್ಮಲ್ಲೇ ಇದೆ. ಅದರಲ್ಲಿ ಎದ್ದವನು ನಾನೇ. ಆ ಮಾತು ಮಾತ್ರ ನನ್ನ ಬಾಯಿಗೆ ಬಂದಿರಲಿಲ್ಲ.

ಎಂಟು ದಿನ ಅಲ್ಲೇ ಬಿದ್ದಿದ್ದೆ. ಲಕ್ಷ್ಮೇಶ್ವರಕ್ಕೆ 'ನಾಗರಹಾವು' ಮತ್ತೆ ಬಂದಿದೆ ಅಂತ ಭಾವ ಕರೆದುಕೊಂಡು ಹೋದರು. ಆರನೇ ಸಲ. ಮೊದಲೆಲ್ಲ ಸಿಳ್ಳೆ ಹೊಡೆದದ್ದೇ ಹೊಡೆದದ್ದು. ಕಡೆಯಲ್ಲಿ ಬೆಟ್ಟದ ಮೇಲೆ ಚಾಮಯ್ಯ ಮೇಷ್ಟ್ರು ರಾಮಾಚಾರಿಯ ಕೈಯಿಂದಲೇ ಕೆಳಗೆ ಹೋಗುತ್ತಾರಲ್ಲ, ಅಶ್ವಥ್ ಅವರ ಆ ಮುಖ... ನನಗೆ ಕಂಡದ್ದು ಬೀಡಿ ಕಚ್ಚಿದ ನಮ್ಮ ಮಿಸ್ತ್ರಿ. ಪಕ್ಕದವನು ಸಿಳ್ಳೆ ಹಾಕಿದ. ನಾನು ಎದ್ದು ಹೊರಗೆ ಬಂದೆ.

ಮರುದಿನ ಮೊದಲ ಬಸ್ಸಿಗೆ ಗದಗ. ಗ್ಯಾರೇಜಿನ ಬಾಗಿಲಲ್ಲಿ ಕಾಲು ಮುಂದೆ ಹೋಗಲೊಲ್ಲದು. ಮಿಸ್ತ್ರಿಗಳ ಹುಬ್ಬಿನ ಮೇಲೆ ಮೂರು ಹೊಲಿಗೆ.

"ನಾನ ಒಗದೆ ಮಿಸ್ತ್ರೀ. ಬೇಕಂತನ ಒಗದೆ" ಅಂದೆ.

ಅವರು ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ನೀರಿನ ಡಬ್ಬಿ ನನ್ನ ಕಡೆ ದೂಡಿದರು.

"ಹೊರಗ ಲಾರಿ ನಿಂತೈತಿ. ಮೊದಲ ನೀರ ನೋಡು. ಇಂಜಿನ್ ಬಿಸಿ ಐತಿ, ಅರಿವಿ ಹಾಕ್ಕೊಂಡು ಮುಚ್ಚಳ ತಗಿ."