ಬೆಳಗಿನ ಜಾವಕ್ಕೆ ಯಾವ ಕ್ಯಾಮೆರಾ?

ಕಾರ್ಕಳದ ಗೊಮ್ಮಟನಿಗೆ ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ. 2015ರ ಜನವರಿಯಲ್ಲಿ ಅದು ನಡೆದಾಗ ಬೆಟ್ಟ ಹತ್ತಿದ ಫೋಟೋಗ್ರಾಫರುಗಳ ಹೆಗಲಲ್ಲಿ ಹೆಚ್ಚಾಗಿ ತೂಗಾಡುತ್ತಿದ್ದದ್ದು ಕನ್ನಡಿಯಿರುವ ಡಿಎಸ್‌ಎಲ್‌ಆರ್. ಅದರ ಹಿಂದಿನ ಸಲ ಫಿಲ್ಮ್ ರೋಲು. ಅಲ್ಲಿಂದೀಚೆಗೆ ನಿಕಾನ್ 1959ರಿಂದ ನಡೆಸಿಕೊಂಡು ಬಂದ ಎಫ್ ಮೌಂಟನ್ನೂ ಕ್ಯಾನನ್ 1987ರಿಂದ ನಡೆಸಿಕೊಂಡು ಬಂದ ಇಎಫ್ ಮೌಂಟನ್ನೂ ಬದಿಗಿಟ್ಟು, ಎರಡೂ 2018ರಲ್ಲಿ ಮಿರರ್‌ಲೆಸ್‌ಗಾಗಿ ಹೊಸ ಮೌಂಟು ತಂದವು. ಹೀಗಾಗಿ ಮಕ್ಕಳ ಓದು, ಸಾಲದ ಕಂತು, ಕೆಲಸದ ಒತ್ತಡ ಎಂದು ಹತ್ತು ಹದಿನೈದು ವರ್ಷ ಕ್ಯಾಮೆರಾ ಕಪಾಟಿನಲ್ಲಿಟ್ಟವರು ಈಗ ಅಂಗಡಿಗೆ ಹೋದರೆ ಹಳೆಯ ಪರಿಚಯ ಯಾವುದೂ ನೆರವಿಗೆ ಬರುವುದಿಲ್ಲ. ಅಂಗಡಿಯವರು ಬಜೆಟ್ ಕೇಳುತ್ತಾರೆ, ಗೆಳೆಯರು ಮೆಗಾಪಿಕ್ಸೆಲ್ ಕೇಳುತ್ತಾರೆ. ಉಡುಪಿ ಜಿಲ್ಲೆಯಲ್ಲಿದ್ದು ಮತ್ತೆ ಫೋಟೋ ತೆಗೆಯಲು ಹೊರಟವರು ಅದಕ್ಕೂ ಮೊದಲು ಇನ್ನೆರಡನ್ನು ಕೇಳಿಕೊಳ್ಳಬೇಕು: ಎಂಥ ಬೆಳಕಿನಲ್ಲಿ ತೆಗೆಯುತ್ತೇನೆ, ಎಂಥ ಹವೆಯಲ್ಲಿ ಇಡುತ್ತೇನೆ? ಇವಕ್ಕೆ ಪ್ರಾಮಾಣಿಕವಾಗಿ ಉತ್ತರಿಸಿಕೊಂಡರೆ ದುಡ್ಡಿನ ದೊಡ್ಡ ಪಾಲು ಹೊಸ ಬಾಡಿಗೆ ಹೋಗಬೇಕಾಗಿಲ್ಲ, ಲೆನ್ಸಿಗೆ ಹೋಗಬೇಕು ಎಂಬುದು ನನ್ನ ವಾದ.

ಬೆಳಕಿನ ಮಾತು ಮೊದಲು. ಈ ಸೀಮೆಯಲ್ಲಿ ಕ್ಯಾಮೆರಾ ಬೇಡುವ ಸಂಗತಿಗಳೆಲ್ಲ ಹೆಚ್ಚುಕಡಿಮೆ ಕತ್ತಲಲ್ಲೇ ನಡೆಯುತ್ತವೆ. ಎರಡು ವರ್ಷಕ್ಕೊಮ್ಮೆ, ಜನವರಿ 18ರಂದು, ಪರ್ಯಾಯ ಪೀಠವೇರುವ ಸ್ವಾಮಿಗಳು ಕಾಪುವಿನ ದಂಡತೀರ್ಥದಲ್ಲಿ ಸ್ನಾನ ಮುಗಿಸಿ ಉಡುಪಿಯ ಜೋಡುಕಟ್ಟೆಗೆ ಬರುವುದು, ಅಲ್ಲಿಂದ ಮೆರವಣಿಗೆ ರಥಬೀದಿಗೆ ಸಾಗುವುದು, ಎಲ್ಲ ಸೂರ್ಯ ಹುಟ್ಟುವ ಮೊದಲೇ. ದೈವದ ನೇಮಕ್ಕೆ ರಾತ್ರಿಯೇ ಹೊತ್ತು. ಯಕ್ಷಗಾನದ ಆಟ ಈಗ ಕಾಲಮಿತಿಗೆ ಬಂದಿದ್ದರೂ ರಾತ್ರಿ ಬಿಟ್ಟು ಹಗಲಿಗೆ ಬಂದಿಲ್ಲ. ರಂಗಸ್ಥಳದ ಸಾಧಾರಣ ಬೆಳಕಿನಲ್ಲಿ, 400 ಐಎಸ್‌ಒ ಫಿಲ್ಮ್ ಹಾಕಿ, ಎಫ್ 2.8ರಲ್ಲಿ ತೆಗೆದರೆ ಷಟರ್ ವೇಗ 1/15 ಸೆಕೆಂಡಿನ ಆಸುಪಾಸು ಸಿಗುತ್ತಿತ್ತು ಎಂದಿಟ್ಟುಕೊಳ್ಳಿ. ತೆಂಕಿನ ವೇಷವೊಂದು ಧೀಂಗಿಣ ಹಾಕುವಾಗ ಅಷ್ಟು ವೇಗದಲ್ಲಿ ದೊರಕುವುದು ಬಣ್ಣದ ಮಸುಕು ಮಾತ್ರ. ಫಿಲ್ಮನ್ನು 1600ಕ್ಕೆ ‘ಪುಷ್’ ಮಾಡಿ ತೊಳೆಸಿದರೆ ಮುಖದ ತುಂಬ ಕಾಳು. ಇಂದಿನ ಫುಲ್ ಫ್ರೇಮ್ ಸೆನ್ಸರು 6400 ಐಎಸ್‌ಒವನ್ನು ಹೆಚ್ಚು ಗೊಣಗದೆ ಕೊಡುತ್ತದೆ. 400ರಿಂದ 6400 ಎಂದರೆ ನಾಲ್ಕು ಸ್ಟಾಪ್. 1/15 ಇದ್ದದ್ದು 1/250 ಆಗುತ್ತದೆ, ತಿರುಗುವ ಮುಖ ಹೆಚ್ಚುಕಡಿಮೆ ನಿಲ್ಲುತ್ತದೆ. ಇಷ್ಟು ವರ್ಷಗಳಲ್ಲಿ ನಿಜವಾಗಿ ಆದ ಕ್ರಾಂತಿ ಇದೊಂದೇ ಎಂದರೂ ತಪ್ಪಿಲ್ಲ.

ಆದರೆ ಈ ಲಾಭವನ್ನು ಒಂದೇ ಹೊಡೆತಕ್ಕೆ ಕಳೆದುಕೊಳ್ಳುವುದೂ ಸುಲಭ. ಬಾಡಿಯ ಜೊತೆ ಪೆಟ್ಟಿಗೆಯಲ್ಲಿ ಬರುವ ಅಗ್ಗದ ಕಿಟ್ ಜೂಮನ್ನು ಎಳೆದರೆ ಅಪರ್ಚರ್ 5.6ಕ್ಕೆ ಬಂದು ಕೂರುತ್ತದೆ. ಅದೇ 6400ರಲ್ಲಿ, ಅದೇ ರಂಗಸ್ಥಳದಲ್ಲಿ, ಷಟರ್ 1/60ಕ್ಕೆ ಇಳಿಯುತ್ತದೆ. ಒಂದು 1.8ರ ಪ್ರೈಮ್ ಲೆನ್ಸ್ ಹಾಕಿದರೆ 1/500 ದಾಟುತ್ತದೆ. 5.6ಕ್ಕೂ 1.8ಕ್ಕೂ ನಡುವೆ ಬೆಳಕಿನ ಅಂತರ ಸುಮಾರು ಹತ್ತು ಪಟ್ಟು. ಹೊಸ ಬಾಡಿ ಮತ್ತು ಐದಾರು ವರ್ಷ ಹಳೆಯ ಬಾಡಿ ಇವುಗಳ ನಡುವೆ ಕತ್ತಲಲ್ಲಿ ಅಷ್ಟು ಅಂತರವಿಲ್ಲ, ಅದರ ಹತ್ತಿರವೂ ಇಲ್ಲ. 2018ರ ನಿಕಾನ್ ಝಡ್ 6, ಅದೇ ವರ್ಷದ ಸೋನಿ ಎ7 III ಇಂದಿಗೂ ಕಾರ್ಕಳದ ಚತುರ್ಮುಖ ಬಸದಿಯ ಒಳಗಿನ ಕತ್ತಲನ್ನೂ ಬಾಗಿಲಾಚೆಯ ಬಿಸಿಲನ್ನೂ ಒಂದೇ ರಾ ಫೈಲಿನಲ್ಲಿ ಬಹುಮಟ್ಟಿಗೆ ಹಿಡಿಯುತ್ತವೆ. ನೆರಳನ್ನು ಆಮೇಲೆ ಎತ್ತಿಕೊಳ್ಳಬಹುದು. (ನೆಗೆಟಿವ್ ಫಿಲ್ಮಿನ ಅಭ್ಯಾಸದವರಿಗೆ ಒಂದು ಮಾತು: ಅಲ್ಲಿ ಬೆಳಕು ಸ್ವಲ್ಪ ಹೆಚ್ಚಾದರೆ ನಡೆಯುತ್ತಿತ್ತು, ಇಲ್ಲಿ ಬಿಳಿ ಒಮ್ಮೆ ಸುಟ್ಟರೆ ಸುಟ್ಟದ್ದೇ.) ಮುಂದಿನ ಸಾಲಿನಲ್ಲಿ ಚಾಪೆ ಹಾಸಿ ಕೂರುವವರಿಗೆ 50 ಎಂ.ಎಂ., ಜನರ ಹಿಂದೆ ನಿಲ್ಲುವವರಿಗೆ 85. ಜೂಮ್ ಇಲ್ಲದಿದ್ದರೆ ಕೈ ಕಟ್ಟಿದಂತಾಗುತ್ತದೆ ಎನ್ನುವವರು 2.8ರ ಜೂಮನ್ನು ಕೊಳ್ಳಲಿ. ಅದರ ಬೆಲೆಯನ್ನೂ ಕಿಲೋ ಹತ್ತಿರದ ತೂಕವನ್ನೂ ಇಡೀ ರಾತ್ರಿ ಹೊರುವುದಕ್ಕೆ ಸಿದ್ಧರಿದ್ದರೆ.

ಇಷ್ಟಕ್ಕೆಲ್ಲ ಫೋನ್ ಸಾಲದೇ ಎಂಬುದು ಮೊದಲ ಆಕ್ಷೇಪ, ತೂಕವುಳ್ಳ ಆಕ್ಷೇಪವೂ ಹೌದು. 2010ರಲ್ಲಿ ಜಪಾನಿನ ಕಂಪೆನಿಗಳು ಜಗತ್ತಿಗೆ ರವಾನಿಸಿದ ಡಿಜಿಟಲ್ ಕ್ಯಾಮೆರಾಗಳು ಸುಮಾರು 12 ಕೋಟಿ. 2020ರಲ್ಲಿ ಅದು 90 ಲಕ್ಷಕ್ಕೂ ಕೆಳಗೆ ಬಂತು. ಜನ ಫೋಟೋ ತೆಗೆಯುವುದನ್ನು ಬಿಟ್ಟು ಆದದ್ದಲ್ಲ ಇದು. ಸಂಜೆ ಕಾಪುವಿನ ಬಂಡೆಯ ಮೇಲೆ ನಿಂತು 1901ರ ದೀಪಸ್ತಂಭವನ್ನು, ಅದರ ಹಿಂದಿನ ಕೆಂಪನ್ನು ತೆಗೆಯುವುದಿದ್ದರೆ ಫೋನನ್ನು ಮೀರಿಸಲು ಕ್ಯಾಮೆರಾ ಬೆವರಬೇಕಾಗುತ್ತದೆ. ದೀಪಸ್ತಂಭ ಅಲ್ಲಾಡುವುದಿಲ್ಲ, ಫೋನು ಹತ್ತಾರು ಚಿತ್ರ ತೆಗೆದು ಒಂದರ ಮೇಲೊಂದು ಕೂರಿಸಿ ಕೊಡುತ್ತದೆ. ಅಂಥ ಚಿತ್ರಗಳೇ ಸಾಕು ಎನ್ನುವವರು ಕ್ಯಾಮೆರಾ ಕೊಳ್ಳದಿರುವುದೇ ಒಳ್ಳೆಯದು. ಆದರೆ ಅದೇ ಉಪಾಯ ಕುಣಿಯುವ ವೇಷದ ಮುಂದೆ ಸೋಲುತ್ತದೆ. ಒಂದು ಚಿತ್ರದಲ್ಲಿದ್ದ ಕೈ ಇನ್ನೊಂದರಲ್ಲಿ ಬೇರೆಡೆ ಇರುತ್ತದೆ, ಜೋಡಿಸಿದಾಗ ಮುಖವರ್ಣಿಕೆಯ ಗೆರೆಗಳು ಮೇಣದಂತೆ ಕರಗುತ್ತವೆ. ಫುಲ್ ಫ್ರೇಮ್ ಸೆನ್ಸರಿನ ವಿಸ್ತೀರ್ಣ 864 ಚದರ ಮಿಲಿಮೀಟರ್, ದುಬಾರಿ ಫೋನಿನ ಮುಖ್ಯ ಸೆನ್ಸರಿನದು ನೂರರ ಆಚೀಚೆ. ಕತ್ತಲಲ್ಲಿ ಈ ಅಂತರವನ್ನು ಯಾವ ತಂತ್ರಾಂಶವೂ ಪೂರ್ತಿ ಮುಚ್ಚಲಾರದು. ಮೆಗಾಪಿಕ್ಸೆಲಿನ ವಿಚಾರ ಇಲ್ಲಿಗೇ ಮುಗಿಸಬಹುದು: 24 ಮೆಗಾಪಿಕ್ಸೆಲ್ ಎಂದರೆ 6000ಕ್ಕೆ 4000 ಚುಕ್ಕೆ, ಇಂಚಿಗೆ 300ರಂತೆ 20ಕ್ಕೆ 13 ಇಂಚಿನ ಪ್ರಿಂಟು. ಅದಕ್ಕಿಂತ ದೊಡ್ಡದನ್ನು ತೂಗುಹಾಕುವ ಗೋಡೆ ಎಷ್ಟು ಮನೆಗಳಲ್ಲಿದೆ?

ಎರಡನೆಯ ಆಕ್ಷೇಪ ಭಾವನೆಯದು: ಕಪಾಟಿನಲ್ಲಿ ಹಳೆಯ ಲೆನ್ಸುಗಳಿವೆಯಲ್ಲ, ಅವುಗಳ ಗತಿ? ಇಲ್ಲಿ ಮಿರರ್‌ಲೆಸ್ ಉಪಕಾರ ಮಾಡಿದೆ. ಕನ್ನಡಿ ಇಲ್ಲದ್ದರಿಂದ ಮೌಂಟಿಗೂ ಸೆನ್ಸರಿಗೂ ನಡುವಿನ ಅಂತರ ತಗ್ಗಿದೆ. ನಿಕಾನ್ ಎಫ್‌ನಲ್ಲಿ 46.5 ಮಿ.ಮೀ. ಇದ್ದದ್ದು ಝಡ್‌ನಲ್ಲಿ 16 ಮಾತ್ರ. ನಡುವೆ ಒಂದು ಅಡಾಪ್ಟರ್ ಇಟ್ಟರೆ ಹಳೆಯ ಪೆಂಟಾಕ್ಸ್, ಯಾಶಿಕಾ, ಕ್ಯಾನನ್ 1987ರಲ್ಲಿ ಕೈಬಿಟ್ಟ ಎಫ್‌ಡಿ ಲೆನ್ಸುಗಳು ಕೂಡ ಮತ್ತೆ ಕೆಲಸಕ್ಕೆ ಬರುತ್ತವೆ. ಫೋಕಸ್ ಮಾತ್ರ ಕೈಯಲ್ಲೇ ಮಾಡಬೇಕು. ಆದರೆ ಬೆಲೆ ಕಡಿಮೆಯೆಂದು ಚಿಕ್ಕದಾದ ಎಪಿಎಸ್-ಸಿ ಸೆನ್ಸರಿನ ಬಾಡಿ ಕೊಂಡರೆ ಹಳೆಯ 28 ಎಂ.ಎಂ. ಲೆನ್ಸು 42ರಂತೆ ವರ್ತಿಸುತ್ತದೆ. ಇದರ ಅರ್ಥ ಕಾರ್ಕಳದಲ್ಲಿ ತಿಳಿಯುತ್ತದೆ. 1432ರ ಆ ವಿಗ್ರಹ 42 ಅಡಿ ಎತ್ತರ, ಸುತ್ತ ಪ್ರಾಕಾರ. ಒಳಗೆ ನಿಂತವರಿಗೆ ಹಿಂದೆ ಸರಿಯಲು ಗೋಡೆ ಬಿಡುವುದಿಲ್ಲ. ಫಿಲ್ಮಿನಲ್ಲಿ ಪಾದದಿಂದ ತಲೆಯವರೆಗೆ ಹಿಡಿದ ಲೆನ್ಸು ಈಗ ಮೊಣಕಾಲಿನಿಂದ ಶುರುವಾಗುತ್ತದೆ. ಹಳೆಯ ಲೆನ್ಸು ಬಳಸುವ ಆಸೆಯಿದ್ದರೆ ಫುಲ್ ಫ್ರೇಮ್, ಹಳೆಯದೇನೂ ಇಲ್ಲದಿದ್ದರೆ ಎಪಿಎಸ್-ಸಿಗೆ ಅದರದೇ ಅಗಲದ ಲೆನ್ಸು ಸಿಗುತ್ತದೆ, ತಕರಾರಿಲ್ಲ.

ಹಾಗಾದರೆ ಈಗ ಅಗ್ಗಕ್ಕೆ ಸಿಗುವ ಸೆಕೆಂಡ್‌ಹ್ಯಾಂಡ್ ಡಿಎಸ್‌ಎಲ್‌ಆರ್ ಯಾಕಾಗಬಾರದು? ಆಗಬಹುದು. ಬ್ಯಾಟರಿ ಇಡೀ ರಾತ್ರಿ ಬಾಳುತ್ತದೆ, ಚಿತ್ರವೂ ಕಳಪೆಯಲ್ಲ. ಅದೇ ಮೌಂಟಿನ ಒಳ್ಳೆಯ ಆಟೋಫೋಕಸ್ ಲೆನ್ಸು ಮೂರು ನಾಲ್ಕು ಕೈಯಲ್ಲಿರುವವರಿಗೆ ನಾನು ಅದನ್ನೇ ಹೇಳುತ್ತೇನೆ. ಉಳಿದವರಿಗೆ ಮಾತ್ರ ಐದಾರು ವರ್ಷ ಹಳೆಯ ಮಿರರ್‌ಲೆಸ್. ಕಾರಣ ಸದ್ದು. ದೈವದ ನುಡಿಗೆ ಊರಿಗೆ ಊರೇ ಕಿವಿಗೊಟ್ಟು ನಿಂತಿರುವಾಗ ಕನ್ನಡಿಯ ‘ಟಪ್ ಟಪ್’ ಅನುಮತಿ ಕೊಟ್ಟವರಿಗೂ ಮುಜುಗರ ತರುತ್ತದೆ. ಸೈಲೆಂಟ್ ಷಟರ್ ಅಲ್ಲಿ ಮರ್ಯಾದೆಯ ಪ್ರಶ್ನೆ. ಆಟದ ರಂಗಸ್ಥಳದಲ್ಲಿ ಮಾತ್ರ ಅದನ್ನು ನಂಬಬಾರದು. ಅಗ್ಗದ ಎಲ್ಇಡಿ ದೀಪಗಳು ನಮ್ಮ 50 ಹರ್ಟ್ಸ್ ಕರೆಂಟಿಗೆ ಸೆಕೆಂಡಿಗೆ ನೂರು ಸಲ ಮಿನುಗುತ್ತವೆ. ಕಣ್ಣಿಗೆ ಕಾಣದ ಆ ಮಿನುಗು ಎಲೆಕ್ಟ್ರಾನಿಕ್ ಷಟರಿನ ಚಿತ್ರದಲ್ಲಿ ಅಡ್ಡಡ್ಡ ಪಟ್ಟಿಯಾಗಿ ಬೀಳುತ್ತದೆ. ಅಲ್ಲಿ ಮೆಕಾನಿಕಲ್ ಷಟರೇ ಸರಿ, ಚೆಂಡೆಯ ಅಬ್ಬರದಲ್ಲಿ ಅದರ ಸದ್ದು ಯಾರಿಗೂ ಕೇಳಿಸದು.

ಇನ್ನು ಹವೆ. ಘಟ್ಟದ ಮೇಲಿನವರ ಸಲಹೆ ಇಲ್ಲಿ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತದೆ. ಆಟಿಯ ಮಳೆಯಲ್ಲಿ ಚಪ್ಪಲಿಗೆ ಬೂಸ್ಟು ಬರುವ ಮನೆಯಲ್ಲಿ ಲೆನ್ಸಿಗೂ ಬರುತ್ತದೆ. ತೇವಾಂಶ ಶೇ. 70 ದಾಟಿದ ಕತ್ತಲ ಜಾಗ ಫಂಗಸ್ಸಿಗೆ ಅಚ್ಚುಮೆಚ್ಚು, ಕ್ಯಾಮೆರಾವನ್ನು ಪ್ರೀತಿಯಿಂದ ಚರ್ಮದ ಚೀಲದಲ್ಲಿಟ್ಟು ಬೀಗ ಹಾಕಿದವರಿಗೆ ಮೊದಲ ಏಟು. ಒಮ್ಮೆ ಅದು ಗಾಜಿನ ಲೇಪವನ್ನು ಕೊರೆದರೆ ಒರೆಸಿದರೂ ಗುರುತು ಹೋಗುವುದಿಲ್ಲ. ಆದ್ದರಿಂದ ಡ್ರೈ ಕ್ಯಾಬಿನೆಟ್ಟಿನ ಬೆಲೆಯನ್ನು ಕ್ಯಾಮೆರಾದ ಬೆಲೆಯೊಳಗೇ ಸೇರಿಸಬೇಕು. ಅದಾಗದಿದ್ದರೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಂದು ಸಣ್ಣ ತೇವಾಂಶದ ಮೀಟರು. ಮುಳ್ಳು 40ರಿಂದ 50ರೊಳಗೆ ನಿಂತರೆ ಸಾಕು. ಕಾಪು, ಮಲ್ಪೆಯ ದಂಡೆಯಲ್ಲಿ ಲೆನ್ಸು ಬದಲಿಸುವ ಸಾಹಸವೂ ಬೇಡ. ಫಿಲ್ಮಿನಲ್ಲಿ ಪ್ರತಿ ಚಿತ್ರಕ್ಕೂ ಹೊಸ ತುಂಡು ಬರುತ್ತಿತ್ತು. ಸೆನ್ಸರು ಒಂದೇ, ಅದರ ಮೇಲೆ ಕೂತ ಮರಳಿನ ಕಣ ಮುಂದಿನ ಎಲ್ಲ ಆಕಾಶಗಳಲ್ಲೂ ಇರುತ್ತದೆ.

ಸೆಕೆಂಡ್‌ಹ್ಯಾಂಡ್ ಎಂದರೆ ಮೋಸ ಹೋಗುವ ಭಯ ಇದ್ದದ್ದೇ. ಮಣಿಪಾಲದಂಥ ಊರಿನಲ್ಲಿ ಓದು ಮುಗಿಸಿ ಹೊರಡುವವರು ಮಾರುವ ಸಾಮಾನಿನಲ್ಲಿ ಒಳ್ಳೆಯ ಕ್ಯಾಮೆರಾಗಳೂ ಇರುತ್ತವೆ, ಉಪ್ಪುಗಾಳಿ ತಿಂದವೂ ಇರುತ್ತವೆ. ನೋಡಿ ಕೊಳ್ಳುವುದು ಕಷ್ಟವಲ್ಲ. ಲೆನ್ಸಿನ ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿ, ಮುಂದಿನಿಂದ ಓರೆಯಾಗಿ ನೋಡಿದರೆ ಫಂಗಸ್ಸಿನ ಕವಲೊಡೆದ ಬಿಳಿ ಎಳೆಗಳು ಇದ್ದರೆ ಕಾಣುತ್ತವೆ. ಮೌಂಟಿನ ಸುತ್ತಲಿನ ಸ್ಕ್ರೂಗಳಿಗೆ, ಅಡಿಯ ಟ್ರೈಪಾಡ್ ತೂತಿಗೆ ತುಕ್ಕು ಹಿಡಿದಿದ್ದರೆ ಅದು ಕಡಲ ಬದಿಯಲ್ಲಿ ದುಡಿದ ಕ್ಯಾಮೆರಾ. ಝಡ್ 6, ಎ7 III ಇಂಥವುಗಳ ಷಟರಿಗೆ ಕಂಪೆನಿ ಹೇಳಿದ ಆಯುಸ್ಸು ಎರಡು ಲಕ್ಷ ಕ್ಲಿಕ್, ನಲವತ್ತು ಐವತ್ತು ಸಾವಿರ ಆಗಿದ್ದರೆ ಅಂಜಬೇಕಿಲ್ಲ. ಕೊಳ್ಳುವುದಕ್ಕೆ ನವರಾತ್ರಿ ಕಳೆದ ಮೇಲಿನ ದಿನಗಳೇ ಉತ್ತಮ: ಮಾರುವವರ ಮನೆಯಲ್ಲೇ ಅದು ಒಂದು ಮಳೆಗಾಲ ದಾಟಿರುತ್ತದೆ, ಬೂಸ್ಟು ಬರುವುದಿದ್ದರೆ ಬಂದು ಕಾಣಿಸಿಕೊಂಡಿರುತ್ತದೆ. ದೀಪಾವಳಿ ಮುಗಿದು ಮೇಳಗಳು ತಿರುಗಾಟಕ್ಕೆ ಹೊರಟರೆ ಅದು ಮುಗಿಯುವ ಪತ್ತನಾಜೆಯವರೆಗೂ ಕೈ ಪಳಗಿಸಿಕೊಳ್ಳಲು ಬಯಲಾಟಗಳಿಗೆ ಬರವಿರುವುದಿಲ್ಲ.